ಪಲ್ಪ್ ಪತ್ರಿಕೆಯ ಹಳೆಯ ಸಂಚಿಕೆಯನ್ನು ಓದುವ ಬಗೆ: ವಿಜ್ಞಾನ ಕಥೆಗಳ ಆರಂಭಕಾಲಕ್ಕೊಂದು ಮಾರ್ಗದರ್ಶಿ

ವಿಜ್ಞಾನ ಕಥೆಗಳನ್ನು ಮೆಚ್ಚಿ ಓದುವ ನಮ್ಮಲ್ಲಿ ಬಹುತೇಕರು ಐಸಾಕ್ ಅಸಿಮೊವ್, ರಾಬರ್ಟ್ ಹೈನ್‌ಲೈನ್ ಮುಂತಾದವರನ್ನು ಪುಸ್ತಕಗಳ ಮೂಲಕವೇ ಬಲ್ಲೆವು. ಆದರೆ ಅವರ ಆರಂಭದ ಕಥೆಗಳು ಮೊದಲು ಅಚ್ಚಾದದ್ದು ಪುಸ್ತಕಗಳಲ್ಲಲ್ಲ. ಅಮೆರಿಕದ ಅಂಗಡಿಗಳಲ್ಲಿ ಇಪ್ಪತ್ತು ಇಪ್ಪತ್ತೈದು ಸೆಂಟ್‌ಗಳಿಗೆ ಮಾರಾಟವಾಗುತ್ತಿದ್ದ, ಓದಿ ಮುಗಿದ ಮೇಲೆ ರದ್ದಿಗೆ ಹೋಗುತ್ತಿದ್ದ ಮಾಸಪತ್ರಿಕೆಗಳಲ್ಲಿ. ಆ ಪತ್ರಿಕೆಗಳ ನೂರಾರು ಸಂಚಿಕೆಗಳು ಈಗ ಸ್ಕ್ಯಾನ್ ಆಗಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಇಷ್ಟೊಂದು ಸಾಮಗ್ರಿ ಕೈಗೆಟುಕುವಂತಿದ್ದರೂ ಎಲ್ಲಿಂದ ಆರಂಭಿಸಬೇಕು, ಏನನ್ನು ಗಮನಿಸಬೇಕು ಎಂಬುದು ತಿಳಿಯದೆ ನಾಲ್ಕು ಪುಟ ತಿರುವಿ ಬಿಟ್ಟವರು ಅನೇಕರಿದ್ದಾರೆ. ಅಂಥ ಓದುಗರಿಗಾಗಿ ಈ ಲೇಖನವನ್ನು ಬರೆದಿದ್ದೇನೆ.

ಇಲ್ಲಿನ ಸಲಹೆಗಳೆಲ್ಲವೂ ಒಂದು ಮಾತನ್ನು ಆಧರಿಸಿವೆ. ಹೆಸರಾಂತ ಕಥೆಯೊಂದನ್ನು ಮಾತ್ರ ಕಿತ್ತು ತೆಗೆದು ಓದಬೇಡಿ. ಮುಖಪುಟದಿಂದ ಕೊನೆಯ ಜಾಹೀರಾತಿನವರೆಗೆ ಇಡೀ ಸಂಚಿಕೆಯನ್ನು ಓದಿ. ವಿಜ್ಞಾನ ಕಥೆ ಎಂಬ ಪ್ರಕಾರವನ್ನು ಲೇಖಕರು ಮಾತ್ರವೇ ಕಟ್ಟಲಿಲ್ಲ. ಸಂಪಾದಕರು, ಚಿತ್ರಕಾರರು ಮತ್ತು ತಿಂಗಳು ತಿಂಗಳೂ ಪತ್ರ ಬರೆದು ತಕರಾರು ತೆಗೆಯುತ್ತಿದ್ದ ಓದುಗರು ಸೇರಿ ಅದನ್ನು ಕಟ್ಟಿದರು. ಈ ಒಡನಾಟ ಸಂಚಿಕೆಯ ಪುಟಗಳಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಸಂಕಲನಗಳಲ್ಲಿ ಕಾಣುವುದಿಲ್ಲ.

ಮೊದಲ ಹೆಜ್ಜೆ: ಪತ್ರಿಕೆಗಳ ಪರಿಚಯ

ಮರದ ತಿರುಳನ್ನು ಹೆಚ್ಚು ಶುದ್ಧಿ ಮಾಡದೆ ತಯಾರಿಸಿದ ಒರಟು, ಅಗ್ಗದ ಕಾಗದದಲ್ಲಿ ಅಚ್ಚಾಗುತ್ತಿದ್ದುದರಿಂದ ಇವುಗಳಿಗೆ ಪಲ್ಪ್ ಪತ್ರಿಕೆಗಳೆಂಬ ಹೆಸರು ಬಂದಿತು. ಫ್ರ್ಯಾಂಕ್ ಮನ್ಸಿ ಎಂಬ ಪ್ರಕಾಶಕರು 1896ರಲ್ಲಿ ತಮ್ಮ ಆರ್ಗಸಿ ಪತ್ರಿಕೆಯನ್ನು ಬರೀ ಕಥೆಗಳ ಪತ್ರಿಕೆಯನ್ನಾಗಿಸಿ ಈ ಕಾಗದದಲ್ಲಿ ಮುದ್ರಿಸತೊಡಗಿದರು. ಕಾಗದ ಅಗ್ಗವಾದ್ದರಿಂದ ಪುಟಗಳು ಹೆಚ್ಚಿದವು, ಪುಟಗಳು ಹೆಚ್ಚಿದ್ದರಿಂದ ಕಥೆಗಳ ಬೇಡಿಕೆ ಹೆಚ್ಚಿತು, ಪದಕ್ಕಿಷ್ಟು ಎಂದು ಸಂಭಾವನೆ ಪಡೆದು ಬರೆಯುವ ಲೇಖಕರ ದೊಡ್ಡ ವರ್ಗವೇ ಹುಟ್ಟಿಕೊಂಡಿತು. ಸಾಹಸ, ಪತ್ತೇದಾರಿ, ಪ್ರೇಮ, ಕೌಬಾಯ್ ಕಥೆಗಳ ನಡುವೆ ವಿಚಿತ್ರ ಯಂತ್ರಗಳ, ಅನ್ಯಗ್ರಹಗಳ ಕಥೆಗಳೂ ಅಲ್ಲಲ್ಲಿ ಬರುತ್ತಿದ್ದವು. ಎಡ್ಗರ್ ರೈಸ್ ಬರೋಸ್ ಅವರ ಮಂಗಳ ಗ್ರಹದ ಮೊದಲ ಧಾರಾವಾಹಿ 1912ರ ಫೆಬ್ರುವರಿಯಲ್ಲಿ ಆಲ್-ಸ್ಟೋರಿ ಪತ್ರಿಕೆಯಲ್ಲಿ ಆರಂಭವಾದದ್ದು ಹೀಗೆಯೇ.

ಇಂಥ ಕಥೆಗಳಿಗೆಂದೇ ಒಂದು ಪತ್ರಿಕೆಯನ್ನು ಇಂಗ್ಲಿಷಿನಲ್ಲಿ ಮೊದಲು ತಂದವರು ಹ್ಯೂಗೊ ಗರ್ನ್ಸ್‌ಬ್ಯಾಕ್. ಲಕ್ಸೆಂಬರ್ಗ್‌ನಲ್ಲಿ ಹುಟ್ಟಿ 1904ರಲ್ಲಿ ಅಮೆರಿಕಕ್ಕೆ ಬಂದ ಅವರು ವಿದ್ಯುತ್ ಉಪಕರಣ ಮತ್ತು ರೇಡಿಯೊ ಬಿಡಿಭಾಗಗಳ ವ್ಯಾಪಾರದಿಂದ ತಾಂತ್ರಿಕ ಪತ್ರಿಕೆಗಳ ಪ್ರಕಾಶನಕ್ಕೆ ಇಳಿದವರು. ಆ ತಾಂತ್ರಿಕ ಪತ್ರಿಕೆಗಳಲ್ಲಿ ಆಗಾಗ ಒಂದೊಂದು ಕಥೆಯನ್ನೂ ಹಾಕುತ್ತಿದ್ದರು. 1923ರ ಆಗಸ್ಟ್‌ನಲ್ಲಿ ಸೈನ್ಸ್ ಆ್ಯಂಡ್ ಇನ್ವೆನ್ಷನ್ ಪತ್ರಿಕೆಯ ಒಂದು ಸಂಚಿಕೆಯನ್ನು ವೈಜ್ಞಾನಿಕ ಕಥೆಗಳ ವಿಶೇಷಾಂಕವಾಗಿಯೇ ತಂದರು. ಕೊನೆಗೆ 1926ರ ಏಪ್ರಿಲ್‌ನಲ್ಲಿ ಅಮೇಜಿಂಗ್ ಸ್ಟೋರೀಸ್ ಆರಂಭವಾಯಿತು. 1929ರ ಆರಂಭದಲ್ಲಿ ಅವರ ಸಂಸ್ಥೆ ದಿವಾಳಿಯಾಗಿ ಪತ್ರಿಕೆ ಕೈತಪ್ಪಿತು. ಕೆಲವೇ ತಿಂಗಳಲ್ಲಿ ಅವರು ಸೈನ್ಸ್ ವಂಡರ್ ಸ್ಟೋರೀಸ್ ಮತ್ತು ಏರ್ ವಂಡರ್ ಸ್ಟೋರೀಸ್ ಎಂಬೆರಡು ಹೊಸ ಪತ್ರಿಕೆಗಳೊಡನೆ ಮರಳಿದರು. ಇವೆರಡೂ 1930ರಲ್ಲಿ ಒಂದಾಗಿ ವಂಡರ್ ಸ್ಟೋರೀಸ್ ಆದವು. ಅದೇ 1930ರ ಜನವರಿಯಲ್ಲಿ ವಿಲಿಯಂ ಕ್ಲೇಟನ್ ಅವರ ಪ್ರಕಾಶನದಿಂದ, ಹ್ಯಾರಿ ಬೇಟ್ಸ್ ಅವರ ಸಂಪಾದಕತ್ವದಲ್ಲಿ ಅಸ್ಟೌಂಡಿಂಗ್ ಬಂದಿತು. ಅಮೇಜಿಂಗ್, ವಂಡರ್, ಅಸ್ಟೌಂಡಿಂಗ್ ಎಂಬ ಈ ಮೂರು ಪತ್ರಿಕೆಗಳ ಹೆಸರುಗಳು, ಜೊತೆಗೆ ಭಯಾನಕ ಮತ್ತು ಅತಿಮಾನುಷ ಕಥೆಗಳಿಗಾಗಿ 1923ರ ಮಾರ್ಚ್‌ನಲ್ಲಿ ಆರಂಭವಾಗಿದ್ದ ವಿಯರ್ಡ್ ಟೇಲ್ಸ್, ಇಷ್ಟು ನೆನಪಿನಲ್ಲಿದ್ದರೆ ಆರಂಭಕ್ಕೆ ಸಾಕು.

ಎರಡನೆಯ ಹೆಜ್ಜೆ: ಸಂಚಿಕೆಯ ಆಯ್ಕೆ

ಸಿಕ್ಕ ಸಂಚಿಕೆಯನ್ನು ಕಣ್ಣುಮುಚ್ಚಿ ಎತ್ತಿಕೊಂಡರೆ ನಿರಾಸೆಯಾಗುವ ಸಂಭವವೇ ಹೆಚ್ಚು, ಏಕೆಂದರೆ ಈ ಪತ್ರಿಕೆಗಳಲ್ಲಿ ಜೊಳ್ಳು ಸಾಕಷ್ಟಿದೆ. ನನ್ನ ಅಭಿಪ್ರಾಯದಲ್ಲಿ ಹೊಸ ಓದುಗರು ಮೂರು ಸಂಚಿಕೆಗಳಲ್ಲಿ ಒಂದರಿಂದ ಆರಂಭಿಸುವುದು ಒಳಿತು.

ಒಂದು, ಅಮೇಜಿಂಗ್ ಸ್ಟೋರೀಸ್‌ನ ಮೊದಲ ಸಂಚಿಕೆ, ಏಪ್ರಿಲ್ 1926. ಇದರಲ್ಲಿರುವ ಆರು ಕಥೆಗಳೂ ಮರುಮುದ್ರಣಗಳೇ. ಹೊಸದೇನೂ ಇಲ್ಲವಲ್ಲ ಎಂದು ಇದನ್ನು ಬದಿಗಿಡಬೇಡಿ. ಒಂದು ಪ್ರಕಾರ ತನ್ನ ಪೂರ್ವಜರು ಯಾರೆಂದು ತಾನೇ ಆಯ್ದುಕೊಂಡದ್ದನ್ನು ಇಷ್ಟು ನೇರವಾಗಿ ತೋರಿಸುವ ಇನ್ನೊಂದು ಸಂಚಿಕೆ ಇಲ್ಲ. ಎರಡು, ಅದೇ ಪತ್ರಿಕೆಯ ಆಗಸ್ಟ್ 1928ರ ಸಂಚಿಕೆ. ನಕ್ಷತ್ರಗಳ ನಡುವಿನ ಯಾನದ ಕಥೆಗಳಿಗೆ ದಾರಿ ಮಾಡಿದ ಇ. ಇ. ಸ್ಮಿತ್ ಅವರ ‘ದಿ ಸ್ಕೈಲಾರ್ಕ್ ಆಫ್ ಸ್ಪೇಸ್’ ಧಾರಾವಾಹಿಯ ಮೊದಲ ಕಂತು ಮತ್ತು ಮುಂದೆ ಬಕ್ ರಾಜರ್ಸ್ ಎಂಬ ಹೆಸರಿನಲ್ಲಿ ಮನೆಮಾತಾದ ನಾಯಕನ ಮೊದಲ ಕಥೆ, ಎರಡೂ ಇದೊಂದರಲ್ಲೇ ಇವೆ. ಮೂರು, ಅಸ್ಟೌಂಡಿಂಗ್‌ನ ಮೊದಲ ಸಂಚಿಕೆ, ಜನವರಿ 1930. ಸಾಹಿತ್ಯದ ದೃಷ್ಟಿಯಿಂದ ಇದು ಮೂರರಲ್ಲಿ ದುರ್ಬಲವಾದದ್ದು. ಆದರೆ ಹಕ್ಕುಸ್ವಾಮ್ಯ ಮುಗಿದ ಕೃತಿಗಳನ್ನು ಉಚಿತವಾಗಿ ಕೊಡುವ ತಾಣವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಈ ಸಂಚಿಕೆಯನ್ನು ಪಠ್ಯರೂಪದಲ್ಲಿ ಕೊಟ್ಟಿರುವುದರಿಂದ ಮೊಬೈಲಿನಲ್ಲಿ ಓದುವವರಿಗೆ ಬಹಳ ಅನುಕೂಲ; ಕೇಳಲು ಇಷ್ಟಪಡುವವರಿಗೆ ಲಿಬ್ರಿವಾಕ್ಸ್‌ನಲ್ಲಿ ಸ್ವಯಂಸೇವಕರು ಓದಿದ ಧ್ವನಿಮುದ್ರಿಕೆಯೂ ಇದೆ.

ಮೂರನೆಯ ಹೆಜ್ಜೆ: ಪೂರ್ಣ ಸ್ಕ್ಯಾನ್ ಹುಡುಕುವುದು

ಇಂಟರ್ನೆಟ್ ಆರ್ಕೈವ್ ತಾಣದಲ್ಲಿ ಪಲ್ಪ್ ಮ್ಯಾಗಜೀನ್ ಆರ್ಕೈವ್ ಎಂಬ ಸಂಗ್ರಹವಿದೆ. ಪತ್ರಿಕೆಯ ಹೆಸರು, ತಿಂಗಳು, ವರ್ಷ ಕೊಟ್ಟು ಅಲ್ಲಿ ಹುಡುಕಿ. ಒಂದೇ ಸಂಚಿಕೆಯ ಎರಡು ಮೂರು ಸ್ಕ್ಯಾನ್‌ಗಳು ಸಿಗಬಹುದು. ಅವುಗಳಲ್ಲಿ ಮೊದಲು ಸಿಕ್ಕಿದ್ದನ್ನೇ ಇಳಿಸಿಕೊಳ್ಳದೆ ಮುಖಪುಟ, ಹಿಂಬದಿ ರಕ್ಷಾಪುಟ ಮತ್ತು ಜಾಹೀರಾತು ಪುಟಗಳು ಇವೆಯೇ ಎಂದು ನೋಡಿಕೊಳ್ಳಿ. ಹಿಂದೆ ಕೆಲವರು ಕಥೆಗಳಷ್ಟೇ ಮುಖ್ಯವೆಂದು ಭಾವಿಸಿ ಉಳಿದ ಪುಟಗಳನ್ನು ಬಿಟ್ಟು ಸ್ಕ್ಯಾನ್ ಮಾಡಿರುವುದುಂಟು. ಪುಟಸಂಖ್ಯೆ ನಡುವೆ ಹಾರಿದೆಯೇ ಎಂಬುದನ್ನೂ ಪರಿಶೀಲಿಸಿ.

ಇದಕ್ಕೆ ನೆರವಾಗುವುದು ಐಎಸ್‌ಎಫ್‌ಡಿಬಿ (ಇಂಟರ್ನೆಟ್ ಸ್ಪೆಕ್ಯುಲೇಟಿವ್ ಫಿಕ್ಷನ್ ಡೇಟಾಬೇಸ್) ಎಂಬ ಮುಕ್ತ ದತ್ತಸಂಚಯ. ಯಾವ ಸಂಚಿಕೆಯಲ್ಲಿ ಯಾವ ಪುಟದಿಂದ ಯಾವ ಕಥೆ, ಯಾರ ಚಿತ್ರ, ಯಾರ ಪತ್ರ ಎಂಬುದನ್ನು ಅಲ್ಲಿ ಸಂಚಿಕೆವಾರು ಪಟ್ಟಿ ಮಾಡಿದ್ದಾರೆ. ಗುಪ್ತನಾಮದಲ್ಲಿ ಬರೆದವರ ನಿಜನಾಮ ತಿಳಿಯಲು, ಒಂದು ಕಥೆ ಮೊದಲು ಎಲ್ಲಿ ಪ್ರಕಟವಾಗಿತ್ತು ಎಂದು ಪತ್ತೆ ಹಚ್ಚಲು ಇದಕ್ಕಿಂತ ಉತ್ತಮ ಸಾಧನವಿಲ್ಲ. ಓದುವಾಗ ಈ ಪುಟವನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ.

ಅಮೇಜಿಂಗ್‌ನ ಆರಂಭದ ಸಂಚಿಕೆಗಳು ಸಾಮಾನ್ಯ ಪಲ್ಪ್ ಅಳತೆಗಿಂತ ದೊಡ್ಡವು, ಒಂದೊಂದು ಪುಟದಲ್ಲೂ ಎರಡು ಅಂಕಣಗಳ ಸಣ್ಣ ಅಕ್ಷರ. ಆದ್ದರಿಂದ ಸ್ಕ್ಯಾನ್ ಓದಲು ಮೊಬೈಲಿಗಿಂತ ಟ್ಯಾಬ್ಲೆಟ್ ಅಥವಾ ಕಂಪ್ಯೂಟರ್ ಪರದೆ ಮೇಲು. ಕಾಗದದಲ್ಲಿರುವ ಆಮ್ಲದ ಅಂಶದಿಂದ ಪುಟಗಳು ಕಂದಿ, ಅಂಚುಗಳು ಪುಡಿಯಾಗಿರುವುದು ಸ್ಕ್ಯಾನ್‌ಗಳಲ್ಲೂ ಕಾಣುತ್ತದೆ; ಅಂಚಿನ ಅಕ್ಷರಗಳು ಹಾರಿಹೋಗಿದ್ದರೆ ಇನ್ನೊಂದು ಸ್ಕ್ಯಾನ್‌ನೊಂದಿಗೆ ಹೋಲಿಸಿ ನೋಡಿ.

ನಾಲ್ಕನೆಯ ಹೆಜ್ಜೆ: ಮುಖಪುಟದ ಮುಂದೆ ಸ್ವಲ್ಪ ಹೊತ್ತು

ಮುಖಪುಟವನ್ನು ದಾಟಿ ಹೋಗುವ ಆತುರ ಬೇಡ. ಅಂಗಡಿಯಲ್ಲಿ ತೂಗುಹಾಕಿದ ಹತ್ತಾರು ಪತ್ರಿಕೆಗಳ ನಡುವೆ ಕಣ್ಣಿಗೆ ಬೀಳಬೇಕಾದದ್ದು ಇದೇ. ಏಪ್ರಿಲ್ 1926ರ ಮುಖಪುಟವನ್ನು ಬರೆದವರು ಫ್ರ್ಯಾಂಕ್ ಆರ್. ಪಾಲ್. ಶೀರ್ಷಿಕೆಯ ಮೊದಲ ಅಕ್ಷರ ಬೃಹತ್ತಾಗಿದ್ದು, ಮುಂದಿನವು ಒಂದೊಂದಾಗಿ ಕಿರಿದಾಗುತ್ತ ದೂರಕ್ಕೆ ಸರಿಯುವಂತೆ ಬರೆಯಲಾಗಿದೆ. ಅದರ ಕೆಳಗೆ ಬಳೆಗಳನ್ನು ತೊಟ್ಟ ಶನಿಗ್ರಹ ಆಕಾಶವನ್ನು ತುಂಬಿಕೊಂಡಿದೆ. ಹಿಮದ ದಿಬ್ಬಗಳ ಮೇಲೆ ಹಾಯಿಹಡಗುಗಳು ಸಿಕ್ಕಿಕೊಂಡು ನಿಂತಿವೆ. ಮುಂದೆ ಬೆಚ್ಚನೆಯ ಉಡುಪು ತೊಟ್ಟ ಮನುಷ್ಯರು ಹಿಮದ ಮೇಲೆ ನಲಿಯುತ್ತ ಜಾರಾಡುತ್ತಿದ್ದಾರೆ. ಭೂಮಿಯ ಒಂದು ತುಂಡನ್ನು ಧೂಮಕೇತುವೊಂದು ಹೊತ್ತೊಯ್ದ ಕಥೆಯ ದೃಶ್ಯವಿದು. ಭಯ ಹುಟ್ಟಿಸಬಹುದಾದ ಸನ್ನಿವೇಶದಲ್ಲಿ ಮನುಷ್ಯರು ಆಟವಾಡುತ್ತಿದ್ದಾರೆ ಎಂಬುದನ್ನು ಗಮನಿಸಿ. ಈ ಪತ್ರಿಕೆ ಓದುಗರಿಗೆ ಏನನ್ನು ಕೊಡಲು ಹೊರಟಿತ್ತು ಎಂಬುದು ಸಂಪಾದಕೀಯಕ್ಕಿಂತ ಮೊದಲು ಇಲ್ಲಿಯೇ ತಿಳಿಯುತ್ತದೆ.

ಪಾಲ್ ವಾಸ್ತುಶಿಲ್ಪದ ತರಬೇತಿ ಪಡೆದವರು. ಅವರ ಚಿತ್ರಗಳಲ್ಲಿ ಯಂತ್ರಗಳೂ ನಗರಗಳೂ ಉಸಿರಾಡುತ್ತವೆ, ಮನುಷ್ಯರು ಮಾತ್ರ ಮರದ ಬೊಂಬೆಗಳಂತೆ ಬಿಗಿಯಾಗಿ ನಿಂತಿರುತ್ತಾರೆ. ಹಲವು ವಿಮರ್ಶಕರು ಇದನ್ನು ದೋಷವೆಂದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ: ಆ ಕಥೆಗಳಲ್ಲೂ ನಿಜವಾದ ನಾಯಕ ಯಂತ್ರವೇ ಆಗಿದ್ದುದರಿಂದ ಪಾಲ್ ಅವರ ಕುಂಚ ಕಥೆಗಳಿಗೆ ನಿಷ್ಠವಾಗಿತ್ತು.

ಮುಖಪುಟವನ್ನು ಒಳಗಿನ ಕಥೆಯೊಂದಿಗೆ ಹೋಲಿಸಿ ನೋಡುವುದು ಏಕೆ ಅಗತ್ಯ ಎಂಬುದಕ್ಕೆ ಆಗಸ್ಟ್ 1928ರ ಸಂಚಿಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಒಬ್ಬ ವ್ಯಕ್ತಿ ಕೈಯಲ್ಲಿ ಸಾಧನವೊಂದನ್ನು ಹಿಡಿದು ಗಾಳಿಯಲ್ಲಿ ತೇಲುತ್ತಿದ್ದಾನೆ, ಕೆಳಗಿನಿಂದ ಜನ ಅವನನ್ನು ನೋಡುತ್ತಿದ್ದಾರೆ. ಈ ಚಿತ್ರವನ್ನು ಬಕ್ ರಾಜರ್ಸ್‌ನ ಮೊದಲ ಚಿತ್ರವೆಂದು ಅನೇಕ ಕಡೆ ಅಚ್ಚು ಹಾಕಿದ್ದಾರೆ. ಅದು ತಪ್ಪು. ಅದು ಸ್ಮಿತ್ ಅವರ ಧಾರಾವಾಹಿಯ ನಾಯಕ ರಿಚರ್ಡ್ ಸೀಟನ್‌ನ ಚಿತ್ರ. ಬಕ್ ರಾಜರ್ಸ್‌ನ ಮೂಲಕಥೆಯಲ್ಲಿಯೂ ಹಾರುವ ಪಟ್ಟಿಗಳಿರುವುದರಿಂದ ಗೊಂದಲ ಸಹಜವೇ. ಆದರೆ ಮುಖಪುಟ ನೋಡಿ, ಪರಿವಿಡಿ ನೋಡಿ, ಧಾರಾವಾಹಿಯ ಮೊದಲ ಕಂತನ್ನು ಓದಿದವರಿಗೆ ಆ ಗೊಂದಲ ಉಂಟಾಗುವುದೇ ಇಲ್ಲ.

ಐದನೆಯ ಹೆಜ್ಜೆ: ಪರಿವಿಡಿ, ಸಂಪಾದಕೀಯ ಮತ್ತು ಕಥೆಯ ನೆತ್ತಿಯ ಟಿಪ್ಪಣಿ

ಈಗ ಪರಿವಿಡಿಗೆ ಬನ್ನಿ. ಮೊದಲ ಸಂಚಿಕೆಯ ಆರು ಕಥೆಗಳನ್ನು ಅವು ಮೊದಲು ಪ್ರಕಟವಾದ ವರ್ಷದೊಂದಿಗೆ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಎಡ್ಗರ್ ಆ್ಯಲನ್ ಪೋ ಅವರ ವಾಲ್ಡೆಮಾರ್ ಕಥೆ 1845ರದು, ಜೂಲ್ಸ್ ವರ್ನ್ ಅವರ ಧೂಮಕೇತುವಿನ ಕಾದಂಬರಿ 1877ರದು, ಎಚ್. ಜಿ. ವೆಲ್ಸ್ ಅವರ ‘ದಿ ನ್ಯೂ ಆಕ್ಸಿಲರೇಟರ್’ 1901ರದು. ಆಸ್ಟಿನ್ ಹಾಲ್ ಅವರ ಕಥೆ 1919ರಲ್ಲಿ ಪಲ್ಪ್ ಪತ್ರಿಕೆಯೊಂದರಲ್ಲಿ ಬಂದದ್ದು. ಜಾರ್ಜ್ ಆ್ಯಲನ್ ಇಂಗ್ಲೆಂಡ್ ಮತ್ತು ಜಿ. ಪೇಟನ್ ವರ್ಟೆನ್‌ಬೇಕರ್ ಅವರ ಕಥೆಗಳು 1923ರಲ್ಲಿ ಗರ್ನ್ಸ್‌ಬ್ಯಾಕ್ ಅವರದೇ ತಾಂತ್ರಿಕ ಪತ್ರಿಕೆಯಲ್ಲಿ ಬಂದವು. ಈ ಪಟ್ಟಿಯನ್ನು ಕಾಲಾನುಕ್ರಮದಲ್ಲಿ ಓದಿದರೆ ಎಂಬತ್ತು ವರ್ಷಗಳ ಒಂದು ಪರಂಪರೆಯನ್ನು ಸಂಪಾದಕರು ಆರು ಕಥೆಗಳಲ್ಲಿ ಜೋಡಿಸಿರುವುದು ಕಣ್ಣಿಗೆ ಕಟ್ಟುತ್ತದೆ. ಮರುಮುದ್ರಣಕ್ಕೆ ಹಣ ಕಡಿಮೆ ಸಾಕು ಎಂಬ ಲೆಕ್ಕಾಚಾರವೂ ಅಲ್ಲಿತ್ತು ಎನ್ನುವುದು ನಿಜ. ಎರಡೂ ಕಾರಣಗಳು ಒಟ್ಟಿಗೇ ಕೆಲಸ ಮಾಡಿವೆ.

ಸಂಪಾದಕೀಯದಲ್ಲಿ ಗರ್ನ್ಸ್‌ಬ್ಯಾಕ್ ತಾವು ಸೈಂಟಿಫಿಕ್ಷನ್ ಎಂದು ಕರೆದ ಪ್ರಕಾರವನ್ನು ವಿವರಿಸುತ್ತಾರೆ: ವೈಜ್ಞಾನಿಕ ಸತ್ಯವೂ ಭವಿಷ್ಯದ ದರ್ಶನವೂ ಬೆರೆತ ರಮ್ಯ ಕಥನ, ವರ್ನ್, ವೆಲ್ಸ್ ಮತ್ತು ಪೋ ಬರೆದಂಥದ್ದು. ವಿಜ್ಞಾನವನ್ನು ಬೇಸರವಿಲ್ಲದೆ ಕಲಿಸುವುದು ಇಂಥ ಕಥೆಗಳ ಉಪಯೋಗವೆಂದು ಅವರು ಮನಸಾರೆ ನಂಬಿದ್ದರು. ಆ ನಂಬಿಕೆ ಪತ್ರಿಕೆಯ ಮೂಲೆಮೂಲೆಯಲ್ಲೂ ಕಾಣುತ್ತದೆ. ಮುಂದಿನ ವರ್ಷಗಳಲ್ಲಿ ಅವರ ಪತ್ರಿಕೆಗಳು ಓದುಗರ ವಿಜ್ಞಾನ ಜ್ಞಾನವನ್ನು ಪರೀಕ್ಷಿಸುವ ಪ್ರಶ್ನೆಗಳನ್ನು ಕೊಟ್ಟು, ಉತ್ತರ ಯಾವ ಕಥೆಯ ಯಾವ ಪುಟದಲ್ಲಿದೆ ಎಂದೂ ಸೂಚಿಸುತ್ತಿದ್ದವು. ಒಳಪುಟದ ಲಾಂಛನವಾಗಿ ಫ್ರಾನ್ಸಿನ ಅಮಿಯಾ ನಗರದಲ್ಲಿರುವ ವರ್ನ್ ಅವರ ಸಮಾಧಿಯ ಚಿತ್ರವಿದೆ. ಕಲ್ಲನ್ನು ಮೇಲೆತ್ತಿ ಸಮಾಧಿಯಿಂದ ಎದ್ದು ಬರುತ್ತಿರುವ ಆಕೃತಿಯದು. ಅದನ್ನು ತಪ್ಪದೆ ನೋಡಿ.

ದಿನನಿತ್ಯದ ಸಂಪಾದನೆಯ ಹೊಣೆ ಹೊತ್ತಿದ್ದವರು ಎಪ್ಪತ್ತು ದಾಟಿದ್ದ ಟಿ. ಓ'ಕಾನರ್ ಸ್ಲೋನ್. ಅಂತರಗ್ರಹ ಯಾನ ಎಂದಿಗೂ ಸಾಧ್ಯವಾಗದೆಂದು ನಂಬಿದ್ದ ಈ ಹಿರಿಯರು ಗರ್ನ್ಸ್‌ಬ್ಯಾಕ್ ಹೊರಹೋದ ಮೇಲೆ 1938ರವರೆಗೂ ಅಂತರಗ್ರಹ ಯಾನದ ಕಥೆಗಳ ಪತ್ರಿಕೆಯನ್ನು ನಡೆಸಿದರು. 1930ರ ದಶಕದ ಅಮೇಜಿಂಗ್ ಸಂಚಿಕೆಗಳು ಏಕೆ ಅಷ್ಟು ನಿಧಾನಗತಿಯವು ಎಂಬುದಕ್ಕೆ ಇದು ಒಂದು ಕಾರಣವಿರಬೇಕು.

ಪ್ರತಿ ಕಥೆಯ ಆರಂಭದಲ್ಲಿ ಶೀರ್ಷಿಕೆಯ ಬಳಿ ಸಂಪಾದಕರ ಪುಟ್ಟ ಟಿಪ್ಪಣಿ ಇರುತ್ತದೆ. ಇದನ್ನು ಹಾರಿಸುವ ಅಭ್ಯಾಸ ಹಲವರಿಗಿದೆ, ದಯವಿಟ್ಟು ಹಾರಿಸಬೇಡಿ. ಒಂದು ನಿದರ್ಶನ ಕೊಡುತ್ತೇನೆ. 1926ರ ಡಿಸೆಂಬರ್‌ನಲ್ಲಿ ಪತ್ರಿಕೆ ಯಾವ ಕಥೆಗೂ ಸೇರದ ಮುಖಪುಟವೊಂದನ್ನು ಅಚ್ಚು ಹಾಕಿ, ಈ ಚಿತ್ರಕ್ಕೆ ಹೊಂದುವ ಕಥೆ ಬರೆಯಿರಿ ಎಂದು 500 ಡಾಲರ್ ಬಹುಮಾನಗಳ ಸ್ಪರ್ಧೆ ಏರ್ಪಡಿಸಿತು. ಮೂರನೆಯ ಬಹುಮಾನ ಗೆದ್ದವರು ಕ್ಲೇರ್ ವಿಂಗರ್ ಹ್ಯಾರಿಸ್. ಅವರ ‘ದಿ ಫೇಟ್ ಆಫ್ ದಿ ಪೊಸೈಡೋನಿಯಾ’ 1927ರ ಜೂನ್ ಸಂಚಿಕೆಯಲ್ಲಿ ಅವರ ಸ್ವಂತ ಹೆಸರಿನಲ್ಲೇ ಪ್ರಕಟವಾಯಿತು. ಜೊತೆಗಿದ್ದ ಟಿಪ್ಪಣಿಯಲ್ಲಿ ಸಂಪಾದಕರು, ಮಹಿಳೆಯರಿಗೆ ವಿಜ್ಞಾನದ ಶಿಕ್ಷಣ ಕಡಿಮೆಯಿರುವುದರಿಂದ ಅವರು ಸಾಮಾನ್ಯವಾಗಿ ಇಂಥ ಕಥೆಗಳನ್ನು ಚೆನ್ನಾಗಿ ಬರೆಯುವುದಿಲ್ಲ, ಇದು ಅಪವಾದ ಎಂಬರ್ಥದ ಮಾತು ಬರೆದಿದ್ದಾರೆ. ಕಥೆಯನ್ನು ಇಂದಿನ ಸಂಕಲನದಲ್ಲಿ ಓದಿದವರಿಗೆ ಹ್ಯಾರಿಸ್ ಅವರ ಪ್ರತಿಭೆಯಷ್ಟೇ ತಿಳಿಯುತ್ತದೆ. ಸಂಚಿಕೆಯಲ್ಲಿ ಓದಿದವರಿಗೆ ಅವರು ಯಾವ ಬಾಗಿಲನ್ನು ದಬ್ಬಿಕೊಂಡು ಒಳಬಂದರು ಎಂಬುದೂ ತಿಳಿಯುತ್ತದೆ.

ಆರನೆಯ ಹೆಜ್ಜೆ: ಕಥೆಗಳನ್ನು ಓದುವ ಕ್ರಮ

ಸಣ್ಣ ಕಥೆಗಳಿಂದ ಆರಂಭಿಸಿ ಧಾರಾವಾಹಿಯನ್ನು ಕೊನೆಗೆ ಇಟ್ಟುಕೊಳ್ಳಿ. ಸುಧಾ, ತರಂಗಗಳಲ್ಲಿ ಧಾರಾವಾಹಿ ಓದಿ ಬೆಳೆದವರಿಗೆ ಕಂತಿನ ಕೊನೆಯ ತಿರುವಿನ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಸ್ಕೈಲಾರ್ಕ್’ 1928ರ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಎಂಬ ಮೂರು ಸಂಚಿಕೆಗಳಲ್ಲಿ ಹರಡಿದೆ. ಸಾಧ್ಯವಾದರೆ ಮೂರನ್ನೂ ತಂದುಕೊಂಡು, ಒಂದೊಂದು ಕಂತಿನ ನಡುವೆ ಆಯಾ ಸಂಚಿಕೆಯ ಉಳಿದ ಕಥೆಗಳನ್ನು ಓದಿ.

ಓದುವಾಗ ಪ್ರತಿ ಕಥೆಗೂ ಮೂರು ಪ್ರಶ್ನೆ ಕೇಳಿಕೊಂಡು ನಾಲ್ಕು ಸಾಲು ಬರೆದಿಡುವುದು ನನ್ನ ರೂಢಿ. ಇಲ್ಲಿನ ಹೊಸ ಕಲ್ಪನೆ ಯಾವುದು? ಅದನ್ನು ಓದುಗನಿಗೆ ಹೇಗೆ ವಿವರಿಸಿದ್ದಾರೆ? ಕಥೆಯಲ್ಲಿ ಶತ್ರು ಯಾರು? ಎರಡನೆಯ ಪ್ರಶ್ನೆಗೆ ಆರಂಭದ ವರ್ಷಗಳಲ್ಲಿ ಉತ್ತರ ಬಹುಮಟ್ಟಿಗೆ ಒಂದೇ: ಒಬ್ಬ ಪ್ರಾಧ್ಯಾಪಕರು ಕುಳಿತು ಪುಟಗಟ್ಟಲೆ ಉಪನ್ಯಾಸ ಕೊಡುತ್ತಾರೆ. ಇದು ಬೇಸರ ತರಿಸುವುದು ಸಹಜ. ಆದರೆ ಹತ್ತು ವರ್ಷಗಳ ನಂತರದ ಸಂಚಿಕೆಯನ್ನು ಓದಿದಾಗ ಆ ಉಪನ್ಯಾಸ ಎಲ್ಲಿ ಕರಗಿತು ಎಂದು ಹುಡುಕುವುದರಲ್ಲಿ ನಿಜವಾದ ಸಂತೋಷವಿದೆ.

ಮೂರನೆಯ ಪ್ರಶ್ನೆ ಕೆಲವೊಮ್ಮೆ ಮನಸ್ಸನ್ನು ನೋಯಿಸುತ್ತದೆ. ಆಗಸ್ಟ್ 1928ರ ಸಂಚಿಕೆಯಲ್ಲಿರುವ ಫಿಲಿಪ್ ಫ್ರಾನ್ಸಿಸ್ ನೌಲನ್ ಅವರ ‘ಆರ್ಮಗೆಡನ್ 2419 ಎ.ಡಿ.’ ಕಥೆಯಲ್ಲಿ ಗಣಿಯೊಳಗಿನ ವಿಕಿರಣಶೀಲ ಅನಿಲದಿಂದ ಸುಮಾರು ಐದು ಶತಮಾನ ನಿದ್ರಿಸಿ ಎದ್ದ ಆ್ಯಂಟನಿ ರಾಜರ್ಸ್, ಅಮೆರಿಕವನ್ನು ಆಕ್ರಮಿಸಿಕೊಂಡ ಏಷ್ಯಾದ ಹಾನ್ ಜನರ ವಿರುದ್ಧ ಹೋರಾಡುತ್ತಾನೆ. ಏಷ್ಯಾದವರ ಬಗ್ಗೆ ಆ ಕಾಲದ ಅಮೆರಿಕದಲ್ಲಿದ್ದ ದ್ವೇಷ ಈ ಕಥೆಯ ಬೇರಿನಲ್ಲೇ ಇದೆ. 1929ರ ಜನವರಿಯಲ್ಲಿ ಇದೇ ನಾಯಕ ಬಕ್ ರಾಜರ್ಸ್ ಎಂಬ ಹೆಸರಿನಲ್ಲಿ ದಿನಪತ್ರಿಕೆಗಳ ಚಿತ್ರಕಥೆಗೆ ಕಾಲಿಟ್ಟು ಲಕ್ಷಾಂತರ ಮಕ್ಕಳನ್ನು ತಲುಪಿದ. ಏಷ್ಯಾದ ಓದುಗರಾದ ನಾವು ಇದನ್ನು ಕಂಡೂ ಕಾಣದಂತೆ ಓದಬಾರದು. ಕಥೆಯ ವೇಗವನ್ನು ಮೆಚ್ಚುತ್ತಲೇ, ಅಂಥ ಕಥೆ ಯಾರನ್ನು ಮನುಷ್ಯರೆಂದು ಎಣಿಸುವುದಿಲ್ಲ ಎಂಬುದನ್ನು ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆದಿಡಬೇಕು.

ಸಂಭಾವನೆಯ ವಿಚಾರವೂ ಓದಿಗೆ ನೆರವಾಗುತ್ತದೆ. ಗರ್ನ್ಸ್‌ಬ್ಯಾಕ್ ಕಡಿಮೆ ಕೊಡುತ್ತಿದ್ದರು, ಅದನ್ನೂ ತಡವಾಗಿ ಕೊಡುತ್ತಿದ್ದರು. ಎಚ್. ಪಿ. ಲವ್‌ಕ್ರಾಫ್ಟ್ ಅವರ ‘ದಿ ಕಲರ್ ಔಟ್ ಆಫ್ ಸ್ಪೇಸ್’ 1927ರ ಸೆಪ್ಟೆಂಬರ್‌ನಲ್ಲಿ ಅಮೇಜಿಂಗ್‌ನಲ್ಲಿ ಬಂದಿತು. ಇಂದು ಆ ಪತ್ರಿಕೆಯ ಅತ್ಯುತ್ತಮ ಕಥೆಗಳಲ್ಲೊಂದೆಂದು ಎಣಿಸಲಾಗುವ ಅದಕ್ಕೆ ಸಿಕ್ಕದ್ದು 25 ಡಾಲರ್. ಲವ್‌ಕ್ರಾಫ್ಟ್ ಮತ್ತೆ ಆ ಪತ್ರಿಕೆಗೆ ಬರೆಯಲಿಲ್ಲ. ಕ್ಲೇಟನ್ ಅವರ ಅಸ್ಟೌಂಡಿಂಗ್ ಪದಕ್ಕೆ ಎರಡು ಸೆಂಟ್‌ನಂತೆ, ಕಥೆ ಒಪ್ಪಿದ ಕೂಡಲೇ ಹಣ ಕೊಡುತ್ತಿತ್ತು. ಆದ್ದರಿಂದ ಪಲ್ಪ್ ವೃತ್ತಿಯಲ್ಲಿ ಪಳಗಿದ ಲೇಖಕರು ಅಲ್ಲಿಗೆ ಬಂದರು. ಜನವರಿ 1930ರ ಸಂಚಿಕೆಯಲ್ಲಿ ಮರ್ರೆ ಲೈನ್‌ಸ್ಟರ್, ರೇ ಕಮಿಂಗ್ಸ್, ವಿಕ್ಟರ್ ರೂಸೊ ಅವರ ಹೆಸರುಗಳಿವೆ. ಕಥೆಗಳಲ್ಲಿ ವಿಜ್ಞಾನ ತೆಳು, ಓಟ ಜೋರು. ವೆಸ್ಸೊ ಎಂದೇ ಹೆಸರಾದ ಹಾನ್ಸ್ ವೆಸ್ಸೊಲೊವ್‌ಸ್ಕಿ ಬರೆದ ಮುಖಪುಟದಲ್ಲಿ ಒಬ್ಬ ವ್ಯಕ್ತಿ ದೈತ್ಯ ಜೀರುಂಡೆಯೊಂದಿಗೆ ಸೆಣಸುತ್ತಿದ್ದಾನೆ. ಪಾಲ್ ಅವರ ಶನಿಗ್ರಹದ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಎರಡು ಪತ್ರಿಕೆಗಳ ಸ್ವಭಾವ ಒಂದೇ ನೋಟಕ್ಕೆ ತಿಳಿಯುತ್ತದೆ.

ಏಳನೆಯ ಹೆಜ್ಜೆ: ಜಾಹೀರಾತುಗಳು

ಇವುಗಳ ಮೇಲೆ ಕಣ್ಣಾಡಿಸಿದರೆ ಸಾಕು, ಆದರೆ ಕಣ್ಣಾಡಿಸಲೇಬೇಕು. ಅಂಚೆಯ ಮೂಲಕ ರೇಡಿಯೊ ದುರಸ್ತಿ ಕಲಿಯಿರಿ, ಎಲೆಕ್ಟ್ರಿಕಲ್ ಕೆಲಸ ಕಲಿತು ಸಂಬಳ ಹೆಚ್ಚಿಸಿಕೊಳ್ಳಿ, ಮೈಕಟ್ಟು ಬೆಳೆಸಿಕೊಳ್ಳಿ ಎಂಬ ಜಾಹೀರಾತುಗಳೇ ಹೆಚ್ಚು. ಕೈಕೆಲಸ ಕಲಿತು ಮೇಲೇರಬಯಸುವ ಯುವಕರು ಈ ಪತ್ರಿಕೆಗಳ ಓದುಗರೆಂದು ಜಾಹೀರಾತುದಾರರು ಎಣಿಸಿದ್ದರೆಂಬುದು ಇದರಿಂದ ತಿಳಿಯುತ್ತದೆ. ಗುಟೆನ್‌ಬರ್ಗ್‌ನ ಪಠ್ಯರೂಪದಲ್ಲಿ ಈ ಪುಟಗಳ ಸೊಗಸು ಸಿಗುವುದಿಲ್ಲವಾದ್ದರಿಂದ ಸ್ಕ್ಯಾನ್ ನೋಡಿ.

ಎಂಟನೆಯ ಹೆಜ್ಜೆ: ಓದುಗರ ಪತ್ರಗಳು

ಇಡೀ ಸಂಚಿಕೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವಿದು. ಅಮೇಜಿಂಗ್‌ನಲ್ಲಿ ಇದರ ಹೆಸರು ‘ಡಿಸ್ಕಶನ್ಸ್’, ವಂಡರ್ ಸ್ಟೋರೀಸ್‌ನಲ್ಲಿ ‘ದಿ ರೀಡರ್ ಸ್ಪೀಕ್ಸ್’, ಅಸ್ಟೌಂಡಿಂಗ್‌ನಲ್ಲಿ ಮೊದಲು ‘ದಿ ರೀಡರ್ಸ್ ಕಾರ್ನರ್’, ಮುಂದೆ ‘ಬ್ರಾಸ್ ಟ್ಯಾಕ್ಸ್’. ಓದುಗರು ಕಥೆಯ ಭೌತಶಾಸ್ತ್ರದ ತಪ್ಪು ಹಿಡಿಯುತ್ತಾರೆ, ಮರುಮುದ್ರಣ ಸಾಕು ಎನ್ನುತ್ತಾರೆ, ಮತ್ತೊಬ್ಬ ಓದುಗನ ಅಭಿಪ್ರಾಯವನ್ನು ಖಂಡಿಸುತ್ತಾರೆ. ಸಂಪಾದಕರು ತಾಳ್ಮೆಯಿಂದ ಉತ್ತರಿಸುತ್ತಾರೆ. ಒಂದು ಸಂಚಿಕೆಯ ಕಥೆಯ ಬಗ್ಗೆ ಜನ ಏನೆಂದರು ಎಂದು ತಿಳಿಯಲು ಎರಡು ಮೂರು ತಿಂಗಳ ನಂತರದ ಸಂಚಿಕೆಗಳ ಪತ್ರ ವಿಭಾಗವನ್ನು ತೆರೆಯಿರಿ.

ಗರ್ನ್ಸ್‌ಬ್ಯಾಕ್ ಪತ್ರ ಬರೆದವರ ವಿಳಾಸವನ್ನೂ ಅಚ್ಚು ಹಾಕುತ್ತಿದ್ದರು. ಈ ಸಣ್ಣ ಏರ್ಪಾಟಿನ ಫಲ ಬಹಳ ದೊಡ್ಡದು. ಬೇರೆ ಬೇರೆ ಊರುಗಳಲ್ಲಿ ಒಂಟಿಯಾಗಿ ಓದುತ್ತಿದ್ದ ಹುಡುಗರು ಪರಸ್ಪರ ಪತ್ರ ಬರೆಯತೊಡಗಿದರು, ಸಂಘಗಳನ್ನು ಕಟ್ಟಿದರು, 1930ರ ಮೇ ತಿಂಗಳಲ್ಲಿ ‘ದಿ ಕಾಮೆಟ್’ ಎಂಬ ಅಭಿಮಾನಿ ಪತ್ರಿಕೆಯನ್ನೇ ತಂದರು. ಅದನ್ನು ಸಂಪಾದಿಸಿದ ರೇಮಂಡ್ ಪಾಮರ್ 1938ರಲ್ಲಿ ಅಮೇಜಿಂಗ್‌ಗೇ ಸಂಪಾದಕರಾದರು. ವಂಡರ್ ಸ್ಟೋರೀಸ್‌ಗೆ 1933ರಲ್ಲಿ ಸಂಪಾದಕನಾಗಿ ನೇಮಕಗೊಂಡ ಚಾರ್ಲ್ಸ್ ಹಾರ್ನಿಗ್ ಹದಿನೇಳು ವರ್ಷದ ಅಭಿಮಾನಿ. ತಾನು ಹೊರತಂದ ಅಭಿಮಾನಿ ಪತ್ರಿಕೆಯಿಂದಲೇ ಗರ್ನ್ಸ್‌ಬ್ಯಾಕ್ ಅವರ ಗಮನ ಸೆಳೆದವನು. ಅದಕ್ಕೂ ಮೊದಲು ಅದೇ ಪತ್ರಿಕೆಯ ಸಂಪಾದಕರಾಗಿದ್ದ ಡೇವಿಡ್ ಲ್ಯಾಸರ್ ತಮ್ಮ ಲೇಖಕರನ್ನು ಸೇರಿಸಿಕೊಂಡು 1930ರಲ್ಲಿ ಅಮೆರಿಕನ್ ಇಂಟರ್‌ಪ್ಲಾನೆಟರಿ ಸೊಸೈಟಿಯನ್ನು ಸ್ಥಾಪಿಸಿದರು. ಅದು ಮುಂದೆ ಅಮೆರಿಕನ್ ರಾಕೆಟ್ ಸೊಸೈಟಿಯಾಗಿ ನಿಜವಾದ ರಾಕೆಟ್ ಪ್ರಯೋಗಗಳನ್ನು ನಡೆಸಿತು.

ಒಂಬತ್ತನೆಯ ಹೆಜ್ಜೆ: ಕಾಲದಲ್ಲಿ ಮುಂದಕ್ಕೆ

ಮೊದಲ ಸಂಚಿಕೆ ಮುಗಿದ ಮೇಲೆ ಮುಂದಿನ ತಿಂಗಳಿಗೆ ಹೋಗದೆ ಕೆಲವು ವರ್ಷ ಹಾರಿ. ವಂಡರ್ ಸ್ಟೋರೀಸ್‌ನ ಜುಲೈ 1934ರ ಸಂಚಿಕೆಯಲ್ಲಿ ಸ್ಟ್ಯಾನ್ಲಿ ವೈನ್‌ಬಾಮ್ ಅವರ ‘ಎ ಮಾರ್ಷಿಯನ್ ಒಡಿಸ್ಸಿ’ ಇದೆ. ಅದರಲ್ಲಿ ಬರುವ ಟ್ವೀಲ್ ಎಂಬ ಹಕ್ಕಿಯಂಥ ಮಂಗಳವಾಸಿ ಮನುಷ್ಯನ ಶತ್ರುವೂ ಅಲ್ಲ, ಸೇವಕನೂ ಅಲ್ಲ. ಅವನದೇ ಆದ ರೀತಿಯಲ್ಲಿ ಯೋಚಿಸುವ ಗೆಳೆಯ. ನಿಮ್ಮ ಟಿಪ್ಪಣಿಯ ಮೂರನೆಯ ಪ್ರಶ್ನೆಗೆ ಇಲ್ಲಿ ಮೊದಲ ಬಾರಿಗೆ ಬೇರೆ ಉತ್ತರ ಬರೆಯಬೇಕಾಗುತ್ತದೆ. ವೈನ್‌ಬಾಮ್ ಮರುವರ್ಷವೇ ತೀರಿಕೊಂಡದ್ದು ಈ ಪ್ರಕಾರದ ದೊಡ್ಡ ನಷ್ಟ.

ಅಲ್ಲಿಂದ ಅಸ್ಟೌಂಡಿಂಗ್‌ನ ಜುಲೈ 1939ರ ಸಂಚಿಕೆಗೆ ಬನ್ನಿ. ಕ್ಲೇಟನ್ ದಿವಾಳಿಯಾಗಿ 1933ರಲ್ಲಿ ಪತ್ರಿಕೆ ಸ್ಟ್ರೀಟ್ ಆ್ಯಂಡ್ ಸ್ಮಿತ್ ಸಂಸ್ಥೆಯ ಕೈಸೇರಿತ್ತು. 1937ರ ಕೊನೆಯಲ್ಲಿ ಜಾನ್ ಕ್ಯಾಂಬೆಲ್ ಸಂಪಾದಕರಾದರು. ಈ ಒಂದೇ ಸಂಚಿಕೆಯಲ್ಲಿ ಎ. ಇ. ವ್ಯಾನ್ ವೋಗ್ಟ್ ಅವರ ‘ಬ್ಲ್ಯಾಕ್ ಡೆಸ್ಟ್ರಾಯರ್’, ಅಸಿಮೊವ್ ಅವರ ‘ಟ್ರೆಂಡ್ಸ್’ ಮತ್ತು ಸಿ. ಎಲ್. ಮೂರ್ ಅವರ ಕಥೆಯೊಂದು ಇವೆ. ಮರುತಿಂಗಳು ಹೈನ್‌ಲೈನ್ ಅವರ ಮೊದಲ ಕಥೆ ‘ಲೈಫ್-ಲೈನ್’ ಬಂದಿತು. ‘ಟ್ರೆಂಡ್ಸ್’ ಕಥೆಯಲ್ಲಿ ಚಂದ್ರಯಾನಕ್ಕೆ ಅಡ್ಡಿ ಬರುವುದು ಯಂತ್ರದ ದೋಷವಲ್ಲ, ಸಮಾಜದ ಧಾರ್ಮಿಕ ವಿರೋಧ. ಉಪನ್ಯಾಸ ಕೊಡುವ ಪ್ರಾಧ್ಯಾಪಕರು ಹಿಂದೆ ಸರಿದು, ವಿಜ್ಞಾನ ಪಾತ್ರಗಳ ಬದುಕಿನೊಳಗೆ ಸೇರಿಕೊಂಡಿರುವುದನ್ನು ನಿಮ್ಮ 1926ರ ಟಿಪ್ಪಣಿಗಳ ಪಕ್ಕದಲ್ಲಿಟ್ಟು ನೋಡಿ.

ಹತ್ತನೆಯ ಹೆಜ್ಜೆ: ಕನ್ನಡಕ್ಕೆ ತರಬೇಕೆನ್ನಿಸಿದರೆ

ಓದಿದ ಕಥೆಯನ್ನು ಅನುವಾದಿಸುವ ಆಸೆ ಹುಟ್ಟುವುದು ಸಹಜ, ಒಳ್ಳೆಯದೂ ಹೌದು. ಆದರೆ ಅಂತರ್ಜಾಲದಲ್ಲಿ ಸ್ಕ್ಯಾನ್ ಸಿಕ್ಕಿತೆಂದ ಮಾತ್ರಕ್ಕೆ ಹಕ್ಕುಸ್ವಾಮ್ಯ ಮುಗಿದಿದೆ ಎಂದುಕೊಳ್ಳಬೇಡಿ. ಭಾರತದ ಕಾನೂನಿನಂತೆ ಲೇಖಕರ ಮರಣದ ನಂತರ 60 ವರ್ಷಗಳವರೆಗೆ ಹಕ್ಕು ಉಳಿಯುತ್ತದೆ. ಲೆಕ್ಕ ಮರಣದ ಮರುವರ್ಷದ ಆರಂಭದಿಂದ. 1935ರಲ್ಲಿ ತೀರಿಕೊಂಡ ವೈನ್‌ಬಾಮ್, 1937ರಲ್ಲಿ ತೀರಿಕೊಂಡ ಲವ್‌ಕ್ರಾಫ್ಟ್ ಅವರ ಕಥೆಗಳಿಗೆ ಈ ಅವಧಿ ಎಂದೋ ಮುಗಿದಿದೆ. 1992ರಲ್ಲಿ ತೀರಿಕೊಂಡ ಅಸಿಮೊವ್ ಅವರ ಕಥೆಗಳಿಗೆ 2052ರ ಕೊನೆಯವರೆಗೂ ಅನುಮತಿ ಬೇಕು. ಅಮೆರಿಕದ ನಿಯಮ ಬೇರೆ: ಅಲ್ಲಿ 1963ರವರೆಗೆ ಪ್ರಕಟವಾದ ಕೃತಿಗಳ ಹಕ್ಕನ್ನು 28ನೆಯ ವರ್ಷದಲ್ಲಿ ನವೀಕರಿಸಬೇಕಿತ್ತು, ಪಲ್ಪ್ ಕಥೆಗಳಲ್ಲಿ ಅನೇಕವನ್ನು ಯಾರೂ ನವೀಕರಿಸಲಿಲ್ಲ. ಆದರೆ ಅಲ್ಲಿ ಮುಕ್ತವಾದದ್ದು ಇಲ್ಲಿಯೂ ಮುಕ್ತವೆಂದು ತಾನಾಗಿ ಭಾವಿಸದೆ, ಲೇಖಕರ ಮರಣದ ವರ್ಷವನ್ನು ಐಎಸ್‌ಎಫ್‌ಡಿಬಿಯಲ್ಲಿ ನೋಡಿಕೊಂಡು, ಪುಸ್ತಕವಾಗಿ ತರುವುದಿದ್ದರೆ ಈ ವಿಷಯ ಬಲ್ಲ ವಕೀಲರನ್ನೋ ಪ್ರಕಾಶಕರನ್ನೋ ಕೇಳಿ ಮುಂದುವರಿಯಿರಿ.

ಅನುವಾದಕ್ಕೆ ಮೊದಲು ಯಾವುದನ್ನು ಆರಿಸಬೇಕೆಂದು ಕೇಳುವವರಿಗೆ ನಾನು ‘ಎ ಮಾರ್ಷಿಯನ್ ಒಡಿಸ್ಸಿ’ಯನ್ನೇ ಹೇಳುತ್ತೇನೆ. ಅದರ ಪಠ್ಯ ಗುಟೆನ್‌ಬರ್ಗ್‌ನಲ್ಲಿದೆ, ಭಾಷೆ ಸರಳವಾಗಿದೆ, ಟ್ವೀಲ್‌ನ ಅರೆಬರೆ ಇಂಗ್ಲಿಷನ್ನು ಕನ್ನಡದಲ್ಲಿ ಹೇಗೆ ಆಡಿಸಬೇಕೆಂಬ ಸವಾಲೂ ಇದೆ. ಪಠ್ಯವನ್ನು ಅಲ್ಲಿಂದ ತೆಗೆದುಕೊಂಡರೂ ಜುಲೈ 1934ರ ಸಂಚಿಕೆಯ ಸ್ಕ್ಯಾನ್‌ನೊಂದಿಗೆ ಸಾಲು ಸಾಲಾಗಿ ಹೋಲಿಸಿಕೊಳ್ಳಿ, ಏಕೆಂದರೆ ಪುಸ್ತಕವಾಗಿ ಬಂದಾಗ ಪಲ್ಪ್ ಕಥೆಗಳಲ್ಲಿ ಸಣ್ಣಪುಟ್ಟ ಬದಲಾವಣೆಗಳಾಗುವುದು ಸಾಮಾನ್ಯವಾಗಿತ್ತು.